ದನಿಯಿಲ್ಲದ ಕರಡಿ

ಕಣ್ಣಿನ ಆಸ್ಪತ್ರೆಯಲ್ಲಿ ಸರದಿಗಾಗಿ ಕೂತಿದ್ದ ದರ್ಜಿಯ ಕಿವಿಗೆ ಪಕ್ಕದ ಅಕ್ಕ-ತಮ್ಮನ ಮಾತು ಬಿತ್ತು. ತಮ್ಮ ತಾನೇ ಮಾಡಿದ ಕಾರ್ಟೂನ್ ಸರಣಿಯ ಹೊಸ ಕಂತನ್ನು ಫೋನಿನಲ್ಲಿ ತೋರಿಸುತ್ತಿದ್ದ.

“ಬಣ್ಣ ಚೆನ್ನಾಗಿದೆ ಕಣೋ. ಮೊಲ ಓಡೋದು ಮಾತ್ರ ಜಾರಿದ ಹಾಗಿದೆ.”

“ಸರಿಮಾಡ್ತೀನಿ.”

“ಕರಡಿ ಬಾಯಾಡಿಸುತ್ತೆ, ದನಿಯೇ ಇಲ್ವಲ್ಲ?”

“ಕರಡಿಗೆ ದನಿ ಕೊಡ್ತಿದ್ದೋನು ಅಣ್ಣ ಅಲ್ವಾ? ಅವನು ತೀರಿಕೊಂಡ ಮೇಲೆ ಇದೇ ಮೊದಲ ಕಂತು.”

ಅಕ್ಕ ಫೋನನ್ನು ಹತ್ತಿರಕ್ಕೆ ಎಳೆದುಕೊಂಡು ಆ ದೃಶ್ಯವನ್ನು ಮತ್ತೆ ನೋಡಿದಳು.

“ಬೇರೆ ಯಾರ ಹತ್ರಾನಾದ್ರೂ ಹೇಳಿಸಬಹುದಿತ್ತು.”

“ಮನಸ್ಸು ಒಪ್ಪಲಿಲ್ಲ. ಬಾಯಿ ಮುಚ್ಚಿಸೋಕೂ ಕೈ ಬರಲಿಲ್ಲ.”

“ಹಾಗಾದ್ರೆ ಮೊಲ ಅಷ್ಟು ಬೇಗ ಎದ್ದು ಹೋಗಬಾರದು. ಅವನು ಹೇಳಿ ಮುಗಿಸೋವರೆಗೂ ಕೇಳ್ತಾ ಕೂತಿರಲಿ.”

“ಏನು ಹೇಳ್ತಿದಾನೆ ಅಂತ ನನಗೇ ಗೊತ್ತಿಲ್ಲ ಅಕ್ಕ.”

“ಗೊತ್ತಾಗದಿದ್ರೂ ಕೂತಿರಲಿ.”

ನರ್ಸ್ ಕರೆದಳು. ಇಬ್ಬರೂ ಎದ್ದು ಒಳಗೆ ನಡೆದರು. ತಮ್ಮನ ಕೈಯಲ್ಲಿದ್ದ ಫೋನಿನಲ್ಲಿ ಕರಡಿ ಇನ್ನೂ ಏನೋ ಹೇಳುತ್ತಲೇ ಇತ್ತು. ಬಾಗಿಲು ಮುಚ್ಚುವವರೆಗೂ ದರ್ಜಿ ಅತ್ತಲೇ ಕಿವಿಗೊಟ್ಟು ಕೂತ.