ಹೊಳೆಯ ಮರ್ಯಾದೆ

ಅಮೆರಿಕದ ಅಂಪ್‌ಕ್ವಾ ನದಿ ದಡದ ಗಾಳದಂಗಡಿಯಲ್ಲಿ ಒಡತಿ ನಾರ್ಮಾ ಕಾಫಿ ಬಗ್ಗಿಸುತ್ತಿದ್ದಳು. ಸಾಲಿನಲ್ಲಿ ನಿಂತ ಡೆಲ್ಬರ್ಟ್ ತನ್ನ ಗೆಳೆಯ ವೆಂಡೆಲ್ ಮುಂದೆ ಕುದಿಯುತ್ತಿದ್ದ.

"ಗಾಳದ ಎಸೆತಕ್ಕೊಂದು ಹೆಜ್ಜೆ ಇಟ್ಕೊಂಡು ಹೊಳೆ ಕೆಳಕ್ಕೆ ಹೋಗ್ತಿದ್ದೆ. ಯಾವನೋ ಬಂದು ಸೀದಾ ನನ್ನ ಕೆಳಗಡೆ, ನಾನು ಮುಂದೆ ಗಾಳ ಹಾಕಬೇಕಿದ್ದ ನೀರಲ್ಲೇ ನಿಂತ. ಮರ್ಯಾದೆ ಬೇಡ್ವೇನೋ?"

"ಸ್ಟೀಲ್‌ಹೆಡ್ ಮೀನು ಸಿಕ್ತಾ ಅವನಿಗೆ?"

"ಎರಡನೇ ಎಸೆತಕ್ಕೇ."

"ಗಾಳಕ್ಕೆ ಯಾವ ಹುಸಿ ನೊಣ ಕಟ್ಟಿದ್ದ?"

"ಅಂಥವರ ಹತ್ರ ನಾನು ಮಾತಾಡಲ್ಲ."

"ಹಂಗಾದ್ರೆ ಗೊತ್ತಿಲ್ಲ ಅನ್ನು."

"ಮೀನೆತ್ತೋಕೆ ಅವನಿಗೆ ಬಲೆ ಹಿಡಿದುಕೊಟ್ಟೆ ಕಣೋ. ಮೀನಿನ ಬಾಯಲ್ಲಿ ನೇರಳೆ ಗರಿ ಕಾಣಿಸ್ತು."

"ನಾಳೆ ಜೊತೇಲಿ ಹೋಗೋಣ್ವಾ?"

"ಬಾ. ಮೊದಲು ನೀನು ಇಳಿ, ವಯಸ್ಸಲ್ಲಿ ದೊಡ್ಡವನು."

"ನೀನು?"

"ನಿನ್ನ ಕೆಳಗಡೆ ನಿಲ್ತೀನಿ."

ನಾರ್ಮಾ ನೇರಳೆ ಗರಿಯ ನೊಣಗಳ ಡಬ್ಬಿಯನ್ನು ಮುಂದೆ ತಳ್ಳಿದಳು. ಇದ್ದ ಮೂರನ್ನೂ ಕೊಂಡು ಟೋಪಿಗೆ ಸಿಕ್ಕಿಸಿಕೊಂಡ ಡೆಲ್ಬರ್ಟ್, ಗೆಳೆಯ ಮುಂದೆ ಹೋಗಲೆಂದು ಬಾಗಿಲು ತೆರೆದು ಹಿಡಿದ.