ಕಸದ ಲಾರಿಯಲ್ಲಿ ಸಂತ ರೋಕೆ

ಬಟ್ಟೆ ಜಾಲಾಡುತ್ತಿದ್ದಾಗ ಕಸದ ಲಾರಿಯ ಗಂಟೆ ಕೇಳಿಸಿತು. ಚೀಲ ಹಿಡಿದು ಹೊರಬಂದೆ. ಮಗಳು ಲಿಗಾಯ ಕಿಟಕಿಗೆ ಅಂಟಿಕೊಂಡಳು. ಚರ್ಚಿನಲ್ಲಿ ಸಂತ ರೋಕೆಯ ವಿಗ್ರಹಕ್ಕೆ ಉಡುಗೆ ತೊಡಿಸುವ ಪೂರಿಂಗ್ ಅಜ್ಜಿ ಆಗಲೇ ಡ್ರೈವರ್ ಎರ್ನಿಂಗನನ್ನು ಹಿಡಿದು ನಿಲ್ಲಿಸಿದ್ದಳು.

“ಕೊರೊನಾ ಅಲ್ವಾ ಅಜ್ಜಿ, ನಾಳೆ ಸಂತನ ಹಬ್ಬದ ಮೆರವಣಿಗೆ ಮಾಡೋ ಹಾಗಿಲ್ವಂತೆ.”

“ಜನ ಸೇರೋ ಹಾಗಿಲ್ಲ ಅಷ್ಟೇ. ನಿನ್ನ ಲಾರಿಗೆ ಪಾಸ್ ಇದೆಯಲ್ಲ, ಸಂತ ಅದರಲ್ಲಿ ಬರ್ತಾನೆ.”

“ಅಯ್ಯೋ, ಕಸದ ಲಾರೀಲಾ! ಫಾದರ್ ಬೈಯ್ಯಲ್ವಾ?”

“ಅವರನ್ನ ಒಪ್ಪಿಸಿ ಆಯ್ತು. ಪ್ಲೇಗಿನವರ ಹುಣ್ಣು ತೊಳೆದವನಿಗೆ ನಿನ್ನ ಲಾರಿ ನಾತ ಯಾವ ಲೆಕ್ಕ?”

“ಎರಡು ಸಲ ತೊಳೀತೀನಿ ಬಿಡಿ.”

“ನಾಲ್ಕು ಸಲ ತೊಳಿ, ತಿನ್ನೋಕೆ ಅಕ್ಕಿ ಬಿಬಿಂಕಾ ಸುಟ್ಟು ಕೊಡ್ತೀನಿ. ಸಂತನ ಕಾಲ ಬಳಿ ಇರೋ ನಾಯಿ ವಿಗ್ರಹಕ್ಕೂ ಜಾಗ ಇಡು.”

“ಯಾವಾಗ್ಲೂ ಹೋಗೋ ದೊಡ್ಡ ಬೀದೀಲೇ ತಾನೆ?”

“ಅಲ್ಲ ಕಣೋ, ನೀನು ಕಸ ಎತ್ತೋ ಗಲ್ಲಿಗಲ್ಲೀಲೂ. ಜನ ಹೊರಗೆ ಬರೋ ಹಾಗಿಲ್ಲ ಅಂದ್ಮೇಲೆ ಅವನೇ ಬರಬೇಕು.”

ಎರ್ನಿಂಗ್ ನಕ್ಕು ಜೋರಾಗಿ ಗಂಟೆ ಬಾರಿಸಿದ. “ಹಾಗಾದ್ರೆ ನಾಳೆ ಇದೇ ಗಂಟೆ, ಅಜ್ಜಿ!”

ಲಾರಿ ಹೊರಟಿತು. ಅಜ್ಜಿ ಸೊಂಟದ ಮೇಲೆ ಕೈಯಿಟ್ಟು ಗೆದ್ದವಳಂತೆ ನಡೆದಳು. ನದಿ ದಂಡೆಯ ನಮ್ಮ ಗಲ್ಲಿಗೆ ಮೆರವಣಿಗೆ ಎಂದೂ ಬಂದದ್ದಿಲ್ಲ. ಪ್ರತಿ ವರ್ಷ ದೊಡ್ಡ ಬೀದಿಯ ಗುಂಪಿನಲ್ಲಿ ಲಿಗಾಯಳನ್ನು ಹೆಗಲೇರಿಸಿ ದೂರದಿಂದ ತೋರಿಸುತ್ತಿದ್ದೆ. ಎಲ್ಲವನ್ನೂ ಕೇಳಿಸಿಕೊಂಡಿದ್ದ ಅವಳು ಈಗ ಕಿಟಕಿಯಿಂದ ಕೂಗಿಯೇಬಿಟ್ಟಳು:

“ಅಮ್ಮಾ, ಸಂತ ನಾಳೆ ನಮ್ಮನೆ ಬಾಗಿಲಿಗೇ ಬರ್ತಾನಾ?”