ಶೀಟಿನ ಎದುರು ತುದಿ

"ಹಲೋ… ಹಾಂ, ಹಲೋ. ಯಾರು ಮಾತಾಡ್ತಿರೋದು?"

…

"ತಂಗಿನಾ? ಯಾವ ತಂಗಿ?"

…

"ಕಿರುಚಬೇಡ್ವೇ, ಕಿವಿ ತೂತಾಗುತ್ತೆ. ಆಯ್ತು, ನೀನೇ ಅಂತ ಗೊತ್ತಾಯ್ತು."

ಗೊತ್ತಾಗದೆ ಏನು, ಫೋನು ಕೈಗೆ ಬರುವ ಮೊದಲೇ ಗೊತ್ತಿತ್ತು. ಶೀಟು ಮಡಿಸುವ ಹಾಲ್‌ನ ಬಾಗಿಲಲ್ಲಿ ನಿಂತು ಬೆರಳಾಡಿಸಿ ಕರೆದಿದ್ದ ಮ್ಯಾನೇಜರ್, ತನ್ನ ಗಾಜಿನ ಕೋಣೆಗೆ ಕರೆತಂದು ರಿಸೀವರನ್ನು ಅವಳ ಕೈಗಿಟ್ಟು, "ನಿಮ್ಮ ಲೀಡರಮ್ಮ ಕಣಮ್ಮ. ಗೇಟಿನ ಹತ್ತಿರ ನಿಂತಿರೋರು ಮನೆಗೆ ಹೋಗ್ಲಿ, ಅಷ್ಟು ಹೇಳು" ಎಂದಿದ್ದ. ಲಾಂಡ್ರಿಯವರೆಲ್ಲ ಉದ್ದಕ್ಕ ಎಂದು ಕರೆಯುವ ಈಕೆಗೆ ಅವನು ವಹಿಸಿದ ಕೆಲಸ ಅಷ್ಟೇ. ಮುಂದೆ ಆಡಿದ್ದೆಲ್ಲ ಅವಳ ಸ್ವಂತ ಬಂಡವಾಳ, ಅದರಲ್ಲಿ ಅವನಿಗೆ ಪಾಲಿಲ್ಲ.

…

"ವ್ಯಾನಾ? ಹಾಂ, ಹೋಯ್ತು. ನಿನ್ನ ಮೂಗಿನ ಮುಂದೇನೇ ಹೋಯ್ತಲ್ಲ, ಮತ್ತೆ ನನ್ನ ಯಾಕೆ ಕೇಳ್ತೀಯ?"

…

"ಖಾಲಿ ಅಲ್ಲ. ತುಂಬ್ಕೊಂಡೇ ಹೋಗಿದ್ದು. ಆಸ್ಪತ್ರೆ ಶೀಟು, ಒಗೆದು, ಇಸ್ತ್ರಿಯಾಗಿ, ನೀಟಾಗಿ ಮಡಿಸಿದ್ದು."

…

"ಯಾರು ಮಡಿಸಿದ್ರು ಅಂದ್ರೆ? ಮಡಿಸೋರು ಮಡಿಸಿದ್ರು. ಅದಕ್ಕೇ ಅಲ್ವಾ ನಾವಿಲ್ಲಿರೋದು?"

ಈ ಲಾಂಡ್ರಿಯಲ್ಲಿ ಶೀಟು ಮಡಿಸುವುದು ಜೋಡಿ ಕೆಲಸ. ಇಬ್ಬರು ಎದುರುಬದುರು ನಿಂತು, ಎರಡೆರಡು ತುದಿ ಹಿಡಿದು, ಒಮ್ಮೆ ಝಾಡಿಸಿ ಎಳೆದು, ಹತ್ತಿರ ಬಂದು ಒಬ್ಬಳ ತುದಿಯನ್ನು ಇನ್ನೊಬ್ಬಳ ಕೈಗೆ ಕೊಡಬೇಕು. ಜೋಡಿ ಎಂದರೆ ಗಂಡಹೆಂಡಿರ ಜೋಡಿಗಿಂತ ಗಟ್ಟಿ. ಕೆಲಸಕ್ಕೆ ಸೇರಿದ ದಿನ ಕೂಡಿದ್ದು ಸೊಂಟ ಬೀಳುವವರೆಗೆ ಬಿಡುವಂತಿಲ್ಲ. ಒಬ್ಬಳಿಗೆ ಜ್ವರ ಬಂದರೆ, ಬಂದವಳಿಗೆ ಆ ದಿನದ ಕೂಲಿ ಕೊಟ್ಟು ಅವಳನ್ನೂ ಮನೆಗೆ ಕಳಿಸುತ್ತಿದ್ದರು. ಜೋಡಿ ಕಲೆಸಿದರೆ ಶೀಟು ಸೊಟ್ಟಗಾಗುತ್ತದೆ ಎಂದು ಯಾವ ಕಾಲದಲ್ಲಿ ಯಾವ ಪುಣ್ಯಾತ್ಗಿತ್ತಿ ಹೇಳಿದ್ದಳೋ, ಅದನ್ನು ಎಲ್ಲರೂ ಕಣ್ಣುಮುಚ್ಚಿ ನಂಬಿದ್ದರು. ಮ್ಯಾನೇಜರ್ ಕೂಡ.

ಉದ್ದಕ್ಕನ ಜೋಡಿ ಅವಳ ಒಡಹುಟ್ಟಿದ ತಂಗಿ, ಗಿಡ್ಡಿ. ಎತ್ತರ ಅಕ್ಕನ ಭುಜದಷ್ಟು, ನಾಲಗೆ ಮಾತ್ರ ಮಾರುದ್ದ. ಗಂಡಾಳಿಗಿಂತ ಹೆಣ್ಣಾಳಿಗೆ ಕೂಲಿ ಕಡಿಮೆ ಯಾಕೆ, ಹಾಲ್‌ನಲ್ಲಿ ತುಟಿ ಬಿಚ್ಚಿದರೆ ಆ ಕೂಲಿಯಲ್ಲೂ ಕಡಿತ ಯಾಕೆ ಎಂದು ಮನೆಮನೆ ತಿರುಗಿ ಹೆಂಗಸರನ್ನು ಒಟ್ಟುಮಾಡಿದವಳು ಅವಳೇ. ಉಪಾಯವೂ ಅವಳದ್ದೇ. ಪ್ರತಿ ಜೋಡಿಯಲ್ಲಿ ಒಬ್ಬಳು ಗೇಟಿನ ಹೊರಗೆ ನಿಲ್ಲುವುದು, ಇನ್ನೊಬ್ಬಳು ಒಳಗೆ ಬಂದು, "ನಾನು ರೆಡಿ, ಜೋಡಿ ಬಂದಿಲ್ಲ" ಎಂದು ಕೈಕಟ್ಟಿ ನಿಲ್ಲುವುದು. ಒಳಗೆ ಬಂದ ಅರ್ಧ ಜನರ ಕೂಲಿ ಕೈತಪ್ಪುವುದಿಲ್ಲ, ಒಂದು ಶೀಟೂ ಹೊರಗೆ ಹೋಗುವುದಿಲ್ಲ. ಒಂದೇ ಕಲ್ಲಿಗೆ ಎರಡು ಹಕ್ಕಿ.

…

"ಜೋಡಿ ಇಲ್ದೆ ಹೇಗೆ ಅಂತಾನಾ? ಅಯ್ಯೋ ನನ್ನ ಜಾಣಮರಿ! ಒಳಗಿರೋರನ್ನೇ ಇಬ್ಬಿಬ್ರನ್ನ ಎದುರುಬದುರು ನಿಲ್ಲಿಸಿದ್ರೆ ಏನಾಗುತ್ತೆ? ಜೋಡಿ ಆಗುತ್ತೆ. ಅಲ್ವಾ?"

…

"ಹೂಂ. ಅಷ್ಟೇ. ಮ್ಯಾನೇಜರ್ ಬಂದ್ರು, ನೋಡಿದ್ರು, ನೀನು ಇವಳ ಜೊತೆ, ನೀನು ಅವಳ ಜೊತೆ ಅಂದ್ರು. ಮುಗೀತು."

…

"ಯಾಕೆ, ನಿನ್ನ ಅಡುಗೆಮನೇಲಿ ಅಷ್ಟೊಂದು ಜನ ಕೂತು ತಲೆ ಕೆಡಿಸ್ಕೊಂಡ್ರಲ್ಲ, ಒಬ್ಬಳಿಗಾದ್ರೂ ಹೊಳೀಬಾರದಾ ಇದು?"

…

"ನನಗೂ ಹೊಳೀಲಿಲ್ಲ, ನಿಜ. ನಾನೇನು ಲೀಡರಾ?"

ಮ್ಯಾನೇಜರಿಗೂ ಅದು ತಟ್ಟನೆ ಹೊಳೆದಿರಲಿಲ್ಲ. ಬೆಳಿಗ್ಗೆ ಬಂದವನು ಕೈಕಟ್ಟಿ ನಿಂತ ಹೆಂಗಸರ ಮುಂದೆ ತಲೆ ಕೆರೆದುಕೊಂಡು ಅಡ್ಡಾಡಿದ. ಕೊನೆಗೆ ಅರ್ಧ ತಮಾಷೆಗೆ ಎಂಬಂತೆ, "ನೀವು ನೀವೇ ಮಡಿಸಿದ್ರೆ ಏನು ಗಂಟು ಹೋಗುತ್ತೆ?" ಎಂದ. ಇಡೀ ಹಾಲ್ ಗಪ್‌ಚಿಪ್. ಆಗುವುದಿಲ್ಲ ಎಂದು ಒಬ್ಬಳು ಬಾಯಿ ಬಿಟ್ಟಿದ್ದರೆ ಉಳಿದವರೂ ಬಿಡುತ್ತಿದ್ದರು. ಬಾಯಿ ಬಿಡುವ ಹಕ್ಕಿಗಾಗಿಯೇ ಹೂಡಿದ ಹೋರಾಟ, ಬಿಡಬೇಕಾದ ಹೊತ್ತಿನಲ್ಲಿ ಎಲ್ಲರ ಬಾಯಿಗೂ ಬೀಗ. ಆ ಮೌನದಲ್ಲಿ ಮೊದಲು ಶೀಟು ಎತ್ತಿದ್ದು ಉದ್ದಕ್ಕ. ಅವಳೆತ್ತಿದ್ದು ನೋಡಿ ಪಕ್ಕದವಳು, ಪಕ್ಕದವಳನ್ನು ನೋಡಿ ಅದರಾಚೆಯವಳು ಎತ್ತಿದರು. ಕೈ ತಾನಾಗಿ ಹೋಯಿತು ಎಂದು ಅವಳು ಆಗಿನಿಂದ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾಳೆ. ಕೈ ಹಾಗೆಲ್ಲ ತಾನಾಗಿ ಹೋಗುವುದಿಲ್ಲ.

…

"ಸೊಟ್ಟಗೆ ಬಂದಿರಬೇಕಾ? ಆಸೆ ನೋಡು! ಇಲ್ಲ ಕಣೆ. ಗೆರೆ ಎಳೆದ ಹಾಗೆ ಬಂತು. ಬರಲ್ಲ ಅಂತ ಇಷ್ಟು ವರ್ಷ ನಂಬ್ಕೊಂಡಿದ್ವಲ್ಲ, ನಗು ಬರುತ್ತೆ."

…

"ಹಾಂ, ಅದೇ ಹೇಳೋಕೆ ಬಂದೆ. ಗುಂಪು ಕಟ್ಕೊಂಡು ನಿಂತಿದೀರಲ್ಲ, ಮನೆಗೆ ಹೋಗಿ. ಅರ್ಧ ಜನ ಸಾಕಂತೆ ಇವರಿಗೆ."

…

"ಯಾವ ಅರ್ಧ ಅಂದ್ರೆ? ಒಳಗಿರೋ ಅರ್ಧ. ಹೊರಗಿರೋರು ಇನ್ನು ಹೊರಗೇ."

ಇದನ್ನು ಮ್ಯಾನೇಜರ್ ಇನ್ನೂ ಹೇಳಿರಲಿಲ್ಲ. ಮೇಜಿನಾಚೆ ಚಹಾ ಕುಡಿಯುತ್ತಿದ್ದವನು ಹುಬ್ಬೇರಿಸಿ ಅವಳನ್ನು ನೋಡಿದ. ಒಳ್ಳೆಯ ಮಾತು ಪುಕ್ಕಟೆ ಸಿಕ್ಕಿದಾಗ ವ್ಯಾಪಾರಸ್ಥರು ಹೀಗೆ ನೋಡುತ್ತಾರೆ. ಆಮೇಲೆ ನಿಧಾನಕ್ಕೆ ತಲೆಯಾಡಿಸಿದ.

…

"ಅದ್ಯಾರು ಪಕ್ಕದಲ್ಲಿ ಅಳ್ತಿರೋದು?"

…

"ಹಸುಗೂಸಿನ ತಾಯಿನಾ? ಪಾಪ. ಅವಳನ್ನ ಹೊರಗೆ ನಿಲ್ಲಿಸಿದ್ದು ಯಾರು? ನೀನೇ ಅಲ್ವಾ? ಅವಳ ಜೋಡಿ ಯಾರು ಹೇಳು. ನಿನ್ನ ಮಗಳು. ಇಬ್ಬರಲ್ಲಿ ಒಬ್ಬಳು ಬಿಸಿಲಿಗೆ, ಒಬ್ಬಳು ನೆರಳಿಗೆ ಅಂದಾಗ ನಿನ್ನ ಮಗಳು ನೆರಳಿಗೆ ಬಂದ್ಲು, ಹಾಲುಣಿಸೋಳು ಬಿಸಿಲಿಗೆ ಹೋದ್ಲು. ಸಮಾನತೆ ಅಂದ್ರೆ ಇದೇನಾ ತಾಯಿ?"

…

"ತೆಪ್ಪಗಿರು ಅಂತೀಯಾ? ಅಂತೀಯ, ಅಂತೀಯ. ಮಾತಾಡೋ ಸ್ವಾತಂತ್ರ್ಯ ನಿನಗೊಬ್ಬಳಿಗೇ ಅಲ್ವಾ?"

ಉದ್ದಕ್ಕನಿಗೆ ಖುಷಿಯಾಗುತ್ತಿತ್ತು. ಮುಚ್ಚಿಡುವುದೇಕೆ, ಆಗುತ್ತಿತ್ತು. ಅರಿವು ಬಂದಾಗಿನಿಂದ ತಂಗಿ ಮಾತಾಡಿದ್ದು, ಅಕ್ಕ ತಲೆಯಾಡಿಸಿದ್ದು. ಇವತ್ತು ಆ ತುದಿಯಲ್ಲಿ ಗಿಡ್ಡಿ ತಡವರಿಸುವುದು ಕೇಳಿದರೆ ಬೆನ್ನು ನೋವೆಲ್ಲ ಇಳಿದ ಹಾಗಿತ್ತು.

…

"ಏನು? ಇನ್ನೊಂದ್ಸಲ ಹೇಳು. ಏನು ಬಿಡೋದು?"

…

"ಶೀಟು ಕೆಳಗೆ ಬಿಡೋದಾ? ನಾನು?"

…

"ಹಾಂ… ಹಾಂ… ನಾನು ಬಿಟ್ರೆ ಎಲ್ರೂ ಬಿಡ್ತಾರೆ. ಹೂಂ. ಅದು ಗೊತ್ತು ನನಗೆ."

ಇದು ಮಾತ್ರ ಗಿಡ್ಡಿ ಸರಿಯಾಗಿ ಹಿಡಿದಿದ್ದಳು. ನೆಲ ಮುಟ್ಟಿದ ಶೀಟು ಮತ್ತೆ ಒಗೆಯುವ ತೊಟ್ಟಿಗೇ ಹೋಗಬೇಕು, ಆಸ್ಪತ್ರೆಯವರು ಮುಟ್ಟುವುದಿಲ್ಲ. ಎರಡನೆಯ ವ್ಯಾನು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿತ್ತು. ಉದ್ದಕ್ಕ ವಾಪಸು ಹೋಗಿ ಕೈ ಸಡಿಲಿಸಿದರೆ ಸಾಕು, ಮಾತೂ ಬೇಡ. ಅವಳ ಕೈ ನೋಡಿ ಎತ್ತಿದವರು ಅವಳ ಕೈ ನೋಡಿಯೇ ಬಿಡುತ್ತಿದ್ದರು. ಗಾಜಿನಾಚೆಯಿಂದ ಅಷ್ಟೂ ಹೆಂಗಸರು ಶೀಟಿನ ಮೇಲಿಂದ ಕಣ್ಣು ಎತ್ತಿ ಎತ್ತಿ ಅವಳನ್ನೇ ನೋಡುತ್ತಿದ್ದರು. ಹೊರಗಿನವರ ಅನ್ನ ಇನ್ನೂ ಉಳಿಯುವುದಿತ್ತು. ಅದು ಉದ್ದಕ್ಕನಿಗೆ ಚೆನ್ನಾಗಿ ಗೊತ್ತಿತ್ತು.

…

"ಬಿಡಲ್ಲ."

…

"ಕೇಳಿಸ್ತಲ್ಲ? ಬಿಡಲ್ಲ ಅಂದೆ."

…

"ಯಾಕಾ? ಅವತ್ತು ನಿನ್ನ ಅಡುಗೆಮನೇಲಿ ಏನಂದೆ ಹೇಳು. ನಾನು ಹೊರಗೆ ನಿಲ್ತೀನಿ ಅಂತ ಕೈ ಎತ್ತಿದ್ನಾ ಇಲ್ವಾ? ಎಲ್ರಿಗಿಂತ ಮುಂಚೆ ಎತ್ತಿದ್ನಾ? ಆಗ ನೀನೇನಂದೆ? 'ನಮ್ಮಕ್ಕ ಪುಕ್ಕಲಿ, ಜಿರಳೆ ಕಂಡ್ರೆ ಮಂಚ ಹತ್ತೋಳು, ಅವಳು ಒಳಗಿರಲಿ' ಅಂದೆ. ಎಲ್ರೂ ನಕ್ಕರು. ಆ ಹಸುಗೂಸಿನ ತಾಯಿನೂ ನಕ್ಕಳು."

…

"ತಮಾಷೆಗಾ? ಹೌದೌದು. ನಾನೂ ಈಗ ತಮಾಷೆನೇ ಮಾಡ್ತಿರೋದು. ನಗು."

…

"ಕಾಲಿಗೆ ಬೀಳ್ತೀನಿ ಅಂತೀಯಾ? ಫೋನಲ್ಲಿ ಹೇಗೆ ಬೀಳ್ತೀಯೆ? ಬೇಡ, ಸಣ್ಣವಳಾಗಿದ್ದಾಗ್ಲೂ ನೀನು ಬಿದ್ದೋಳಲ್ಲ, ಈಗ ಸೊಂಟ ಉಳುಕೀತು."

…

"ಅಕ್ಕ, ಅಕ್ಕ ಅನ್ನಬೇಡ. ಅಲ್ಲ, ಇಷ್ಟೆಲ್ಲ ಕೇಳಿದೆ, ಒಂದು ಕೇಳಲೇ ಇಲ್ವಲ್ಲ ನೀನು. ನನ್ನ ಎದುರು ತುದಿ ಹಿಡಿದೋರು ಯಾರು ಅಂತ?"

…

"ಹೇಳು ನೋಡೋಣ."

…

"ಊಹೂಂ. ಅವಳಿಗೆಲ್ಲಿ ನನ್ನ ಎಳೆತ ತಡೆಯೋಕಾಗುತ್ತೆ?"

…

"ಅವಳೂ ಅಲ್ಲ. ಗೆರೆ ಎಳೆದ ಹಾಗೆ ಬಂತು ಅಂದ್ನಲ್ಲ, ಆಗ್ಲೇ ಗೊತ್ತಾಗಬೇಕಿತ್ತು ನಿನಗೆ. ನಿನ್ನದೇ ಕೈ, ನಿನ್ನದೇ ಎಳೆತ. ನೀನೇ ಮನೇಲಿ ಕೂರಿಸಿಕೊಂಡು ಕಲಿಸಿದ್ದು."

…

"ಹೂಂ. ನಿನ್ನ ಮಗಳು."

…

"ಸುಳ್ಳು ಯಾಕೆ ಹೇಳ್ಲಿ? ಅವಳೇ ಕಣೆ. ಅವಳೇ ಮೊದಲು ಹಿಡಿದಿದ್ದು. ಲೀಡರ್ ಮಗಳೇ ಹಿಡಿದ ಮೇಲೆ ನಮ್ಮದೇನು ಅಂತ ಆಮೇಲೆ ನಾವೆಲ್ಲ ಹಿಡಿದ್ವಿ."

ಬಾಯಿಂದ ಅದು ಹೇಗೆ ಬಂತೋ, ಬಂದ ಮೇಲೆ ಬಹಳ ಸಲೀಸಾಗಿ ಬಂತು. ನಡೆದದ್ದೇ ಬೇರೆ. ಹುಡುಗಿ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದಳು. ಉದ್ದಕ್ಕ ಎರಡು ತುದಿಗಳನ್ನು ಅವಳ ಎದೆಗೆ ಒತ್ತಿದಾಗ, "ದೊಡ್ಡಮ್ಮ, ಬೇಡ" ಎಂದಳು. ಆ ಹಾಲ್‌ನಲ್ಲಿ ಇವತ್ತು ಬೇಡ ಎಂದು ಬಾಯಿ ಬಿಟ್ಟವಳು ಅವಳೊಬ್ಬಳೇ, ಅದಕ್ಕೆ ಅವಳ ಕೂಲಿ ಕಡಿತವೂ ಆಗಿತ್ತು. ದೊಡ್ಡಮ್ಮ ಮತ್ತೆ ಒತ್ತಿದಳು. ಹೆತ್ತ ತಾಯಿಗಿಂತ ಹೆಚ್ಚು ಎತ್ತಿ ಆಡಿಸಿದ ದೊಡ್ಡಮ್ಮ ಹೇಳಿದ ಮೇಲೆ ಅದರಲ್ಲಿ ಏನೋ ಅರ್ಥ ಇರಬೇಕು ಎಂದು ಹುಡುಗಿ ಹಿಡಿದಳು. ಸಂಜೆ ತಾಯಿ ಮಗಳು ಮನೆ ಸೇರಿದರೆ ಈ ಸುಳ್ಳು ಬಯಲಾಗುತ್ತದೆಂದು ಉದ್ದಕ್ಕನಿಗೂ ಗೊತ್ತಿತ್ತು. ಅದು ಸಂಜೆಯವರೆಗೆ ನಿಂತರೆ ಅವಳಿಗೆ ಸಾಕಿತ್ತು.

…

"ಹಲೋ? ಇದೀಯಾ?"

…

"ಫೋನು ಅವಳ ಕೈಗೆ ಕೊಡಬೇಕಾ? ಏನು, ಅವಳ ಬಾಯಲ್ಲೇ ಕೇಳಿದ್ರೇನೇ ನಂಬೋದಾ ನೀನು? ಇರು. ಕರೀತೀನಿ."

ಗಾಜಿನಾಚೆ ಹುಡುಗಿ ಒಬ್ಬಳೇ ನಿಂತಿದ್ದಳು. ಅರ್ಧ ಮಡಿಸಿದ ಶೀಟು ನೆಲ ಮುಟ್ಟದಿರಲೆಂದು ನಾಲ್ಕೂ ತುದಿಗಳನ್ನು ಎರಡು ಕೈಯಲ್ಲಿ ತಲೆಗಿಂತ ಎತ್ತರಕ್ಕೆ ಹಿಡಿದಿದ್ದಳು, ತೋಳು ಸೋಲುತ್ತಿತ್ತು. ದೊಡ್ಡಮ್ಮ ತನ್ನತ್ತ ತಿರುಗಿದ್ದನ್ನು ಕಂಡು ಮುಖ ಅರಳಿತು. ಸದ್ದಿಲ್ಲದೆ ತುಟಿ ಆಡಿಸಿದಳು: ಅಮ್ಮನಾ?

ಉದ್ದಕ್ಕ ಅವಳನ್ನೇ ನೋಡುತ್ತಾ, ಅಲ್ಲ ಎಂದು ತಲೆಯಾಡಿಸಿದಳು.

…

"ಹಾಂ, ಕರೆದೆ ಕಣೆ. ಬರಲ್ಲ ಅಂತೆ."

…

"ಅಮ್ಮ ಫೋನಲ್ಲಿದಾಳೆ ಅಂತ ಹೇಳಿದೆ. ಅದಕ್ಕೇ ಬರಲ್ಲ ಅಂತೆ. ಅವಳ ಹೋರಾಟ ಅವಳಿಗಿರಲಿ, ನನಗೆ ಕೆಲಸ ಇದೆ ಅಂದ್ಲು."

ಮ್ಯಾನೇಜರ್ ಕೂತಲ್ಲಿಂದಲೇ ಎಲ್ಲವನ್ನೂ ಕಂಡಿದ್ದ, ಹುಡುಗಿಯ ತುಟಿ, ಇವಳ ತಲೆ, ಎರಡನ್ನೂ. ಕಪ್ಪನ್ನು ಸಾಸರಿನ ಮೇಲೆ ಸದ್ದಾಗದಂತೆ ಇಟ್ಟು, ಮುಖವನ್ನು ಗೋಡೆಯತ್ತ ತಿರುಗಿಸಿಕೊಂಡ. ಅವನಿಗೂ ಒಬ್ಬಳು ಅಕ್ಕ ಇದ್ದಿರಬೇಕು.

…

"ಹಲೋ?"

…

"ಗಿಡ್ಡಿ? ಕೇಳಿಸ್ತಿದೆಯಾ?"

…

"ಏನಾದ್ರೂ ಅನ್ನೇ. ಬೈಯೇ ಬೇಕಾದ್ರೆ. ಇಷ್ಟು ಹೊತ್ತು ಬಡ್ಕೊಂಡ್ಯಲ್ಲ, ಈಗ ಯಾಕೆ ಬಾಯಿ ಬಿದ್ದುಹೋಯ್ತು?"

…

"ಉಸಿರು ಕೇಳಿಸ್ತಿದೆ ನನಗೆ, ಅಲ್ಲೇ ಇದೀಯ ನೀನು. ಅಳ್ತಿದೀಯಾ? ನೋಡು, ಮನೆಗೆ ಹೋಗು. ಬಿಸಿಲಿದೆ. ತಲೆ ಮೇಲೆ ಸೆರಗು ಹಾಕ್ಕೊಂಡು… ಹಲೋ? ಹಲೋ? ಗಿಡ್ಡಿ, ಅವಳು ಮೊದಲು ಹಿಡಿದಿದ್ದಲ್ಲ ಕಣೆ, ಅವಳಲ್ಲ… ಹಲೋ…"

ಲೈನು ಕಟ್ಟಾಗಿ ಆಗಲೇ ಎಷ್ಟು ಹೊತ್ತಾಗಿತ್ತೋ. ಗಾಜಿನಾಚೆ ಹುಡುಗಿ ಸೋತ ಕೈಗಳನ್ನು ಇನ್ನೂ ಸ್ವಲ್ಪ ಮೇಲೆತ್ತಿ, ದೊಡ್ಡಮ್ಮ ಬಂದು ತನ್ನ ಎರಡು ತುದಿ ಹಿಡಿಯಲೆಂದು ಕಾಯುತ್ತಿದ್ದಳು.